ನೀಲಕ್ಕನ ಎಡಗೈ

ಕಂಪ್ಯೂಟರಿಗೆ ಜೋಡಿಸಿ ಪೆನ್ನಿನಿಂದ ಬರೆಯುವ ಟ್ಯಾಬ್ಲೆಟ್ಟನ್ನು ಮೇಜಿಗೆ ಅಂಟಿಸಿದ್ದ ಟೇಪಿನ ತುಂಡುಗಳು ಕಿಟಕಿಯ ಬಿಸಿಲಿಗೆ ಹೊಳೆಯುತ್ತಿದ್ದವು. ಅವುಗಳನ್ನು ನೋಡಿದಾಗಲೆಲ್ಲ ಸುನಂದಾಳಿಗೆ ನೀಲಕ್ಕನ ಎಡಗೈ ಕಣ್ಣಿಗೆ ಕಟ್ಟುತ್ತಿತ್ತು. ಶನಿವಾರ ಇದೇ ಮೇಜಿನ ಮುಂದೆ ಕೂತಾಗ ಆ ಕೈ ಮತ್ತೆ ಮತ್ತೆ ಮೇಲೆ ಬಂದು ಟ್ಯಾಬ್ಲೆಟ್ಟಿನ ಅಂಚು ಹಿಡಿಯುತ್ತಿತ್ತು. ‘ಅಲುಗಿಸಬ್ಯಾಡ್ರಿ ನೀಲಕ್ಕಾ, ಅದು ಅಲುಗಬಾರದು’ ಎಂದು ಹೇಳಿ, ಮತ್ತೆ ಹೇಳಿ, ಇನ್ನೊಮ್ಮೆ ಹೇಳಲು ನಾಚಿಕೆಯಾಗಿ, ಆ ಮಣಿಕಟ್ಟನ್ನು ತಾನೇ ಮೆಲ್ಲಗೆ ಹಿಡಿದು ಕೆಳಗಿಳಿಸಿದ್ದಳು. ಬೈಸಿಕೊಂಡ ಕೂಸಿನ ಹಾಗೆ ಅದು ಸೆರಗಿನೊಳಗೆ ಸೇರಿಕೊಂಡಿತ್ತು. ಬಸ್ಸಿನಲ್ಲಿ ತಮ್ಮ ಅಂಬೇವಾಡಿ ಬಂದಾಗ ‘ನಿಲ್ಲಸ್ರಿ’ ಎನ್ನಲೂ ಬಾಯಿ ಬಾರದೆ, ಮುಂದಿನ ಸ್ಟಾಪಿನಲ್ಲಿ ಬೇರೆಯವರ ಹಿಂದೆ ಇಳಿದು ವಾಪಸು ನಡೆದು ಬರುವವಳು ತಾನು. ಅಂಥ ತಾನು ಜಗತ್ತಿನಲ್ಲಿ ಯಾರಿಗಾದರೂ ‘ಸುಮ್ಮನಿರು’ ಎಂದು ಹೇಳಿದ್ದರೆ ಅದು ಆ ಕೈಗೆ. ಅದನ್ನು ನೆನೆದಾಗ ಕಿವಿಯ ಹಿಂಭಾಗ ಬೆಚ್ಚಗಾಗುತ್ತಿತ್ತು.

ಇವತ್ತು ಮಧ್ಯಾಹ್ನದ ಬಸ್ಸಿಗೆ ನೀಲಕ್ಕ ಹಳಿಯಾಳದಿಂದ ಮತ್ತೆ ಬರುವವಳಿದ್ದಳು. ಇದು ಕೊನೆಯ ಸಲ ಎಂದು ಫೋನಿನಲ್ಲೇ ಹೇಳಿಬಿಟ್ಟಿದ್ದಳು. ಇವತ್ತೂ ಅಕ್ಷರ ಬರದಿದ್ದರೆ ನಾಳೆ ಚನಬಸಪ್ಪನವರು ತಮ್ಮ ಭಾಂಡೆ ಅಂಗಡಿಯ ಹೊಸ ಮಷೀನನ್ನು ಅದರೊಳಗೇ ಬಂದಿರುವ ಅಕ್ಷರಗಳಿಂದ ಶುರು ಮಾಡುತ್ತಾರೆ. ಆಮೇಲೆ ನೀಲಕ್ಕನ ಅಕ್ಷರ ಹಳೆಯ ಪಾತ್ರೆಗಳ ಮೇಲೆ ಮಾತ್ರ ಉಳಿಯುತ್ತದೆ. ಪಾತ್ರೆ ಸವೆದಂತೆ ಅದೂ ಸವೆಯುತ್ತದೆ.

ಆ ಅಂಗಡಿಯ ಬಾಗಿಲ ಪಕ್ಕದ ಕಟ್ಟೆಯ ಮೇಲೆ ಕೂತು ಸ್ಟೀಲಿನ ಪಾತ್ರೆಗಳಿಗೆ ಹೆಸರು ಹಾಕುವವಳು ನೀಲಕ್ಕ. ವೈರಿನ ತುದಿಗೆ ಗುಂಯ್‌ಗುಡುವ ಪೆನ್ನಿನಂಥದ್ದು. ಅದರ ಮೊನೆ ಸ್ಟೀಲಿಗೆ ತಾಗಿದರೆ ಸಾಸಿವೆಗಿಂತ ಸಣ್ಣ ಚುಕ್ಕಿಗಳು ಒಂದರ ಹಿಂದೊಂದು ಇರುವೆಸಾಲಿನಂತೆ ಹೊರಟು ಅಕ್ಷರವಾಗುತ್ತಿದ್ದವು. ಹಳಿಯಾಳ, ಮುಂಡಗೋಡ ಕಡೆಯ ಯಾವ ಮದುವೆಯ ಭಾಂಡೆಯೂ ಆಕೆಯ ಕೈ ತಪ್ಪಿಸಿಕೊಂಡು ಮನೆ ಸೇರಿದ್ದಿಲ್ಲ. ಉಳವಿಯ ಜಾತ್ರೆಗೆ ಗಾಡಿ ಕಟ್ಟಿಕೊಂಡು ಹೋಗುವವರು ಅಲ್ಲಿ ಯಾರದು ಯಾರಿಗೋ ಆಗಬಾರದೆಂದು ತಾಟು ಡಬರಿಗಳನ್ನು ಹೊತ್ತು ತಂದು ಮುಂದೆ ಸುರಿಯುತ್ತಿದ್ದರು. ಒಮ್ಮೆ ಟಿಬೆಟನ್ ಕಾಲೊನಿಯ ಸನ್ಯಾಸಿಗಳು ಅನ್ನದ ದೊಡ್ಡ ಹಂಡೆಗಳನ್ನು ತಂದಾಗ, ಅವರು ಚೀಟಿಯಲ್ಲಿ ಬರೆದು ಕೊಟ್ಟ ತಲೆಬುಡ ತಿಳಿಯದ ಲಿಪಿಯನ್ನು ಹಾಗೆಯೇ ಕೊರೆದು ಕೊಟ್ಟಿದ್ದಳಂತೆ. ‘ಓದಾಕ ಬರಲಿಲ್ಲಂದ್ರ ಏನಾತು? ಕೈಗೆ ಓದಾಕ ಬರತೈತಿ’ ಎಂದು ಅದನ್ನು ಹೇಳಿಕೊಳ್ಳುವಾಗ ಮೂಗಿನ ನತ್ತು ಮೇಲೆದ್ದು ಕೂರುತ್ತಿತ್ತು. ವಿನಯ ಎಂಬುದು ಆಕೆಯ ಹತ್ತಿರವೂ ಸುಳಿದದ್ದಲ್ಲ. ಒಂದು ಹೆಸರು ಮುಗಿದ ಕೂಡಲೇ ಪಾತ್ರೆಯ ಮೇಲಿನ ಸ್ಟೀಲಿನ ಪುಡಿಯನ್ನು ಉಫ್ ಎಂದು ಊದಿ, ಸೆರಗಿನಿಂದ ಒರೆಸಿ, ತೋಳಿನಷ್ಟು ದೂರ ಹಿಡಿದು ನೋಡಿ ‘ಮುಂದಿಂದು’ ಎನ್ನುತ್ತಿದ್ದಳು. ಆ ಊದುವುದೇ ಮುದ್ರೆ. ಕೆಲಸ ಮನಸ್ಸಿಗೆ ಬರದಿದ್ದರೆ ಊದುತ್ತಿರಲಿಲ್ಲ. ಹಾಗೇ ಮುಂದಕ್ಕೆ ತಳ್ಳಿಬಿಡುತ್ತಿದ್ದಳು.

ವರ್ಷಾನುಗಟ್ಟಲೆ ಆ ಗುಂಯ್ ಹಿಡಿದ ಬೆರಳುಗಳಿಗೆ ಈಗ ಜೋಮು. ಬೆಳಿಗ್ಗೆ ಎದ್ದಾಗ ಬೆಳ್ಳಗಾಗಿ, ಬೇರೆಯವರ ಬೆರಳಿನ ಹಾಗೆ ಕಾಣುತ್ತವಂತೆ. ಇನ್ನು ಮಷೀನು ಮುಟ್ಟಬೇಡ ಎಂದಿದ್ದರು ಡಾಕ್ಟರು. ಚನಬಸಪ್ಪನವರು ಕಂಪ್ಯೂಟರಿಗೆ ಜೋಡಿಸಿದರೆ ತಾನೇ ಹೆಸರು ಕೊರೆಯುವ ಮಷೀನು ತರಿಸಿದರು. ಅದರ ಕನ್ನಡ ನೋಡಿದ ನೀಲಕ್ಕ, ‘ಇವೇನ್ರಿ ಸಾವಕಾರ್ರ, ಬಸ್ಸಿನ ಬೋರ್ಡಿನ ಅಕ್ಷರ! ಮದವಿ ಭಾಂಡಿ ಮ್ಯಾಲೆ ಇವನ್ನ ಹಾಕತೀರಿ? ಮದಮಗಳು ಯಾವ ಸ್ಟ್ಯಾಂಡಿನಾಗ ಇಳೀಬೇಕು?’ ಎಂದಾಗ ಅಂಗಡಿಯಲ್ಲಿದ್ದವರೆಲ್ಲ ನಕ್ಕಿದ್ದರು. ಅವ್ವನ ಜೊತೆ ಕುಕ್ಕರಿನ ರಬ್ಬರು ಕೊಳ್ಳಲು ಹೋಗಿದ್ದ ಸುನಂದಾ ನಗಲಿಲ್ಲ. ಡಿಗ್ರಿ ಮುಗಿಸಿ ಮನೆಯಲ್ಲಿ ಕೂತು, ಯಾರಿಗೂ ಹೇಳದೆ, ಫಾಂಟ್ ಮಾಡುವ ಸಾಫ್ಟ್‌ವೇರನ್ನು ವಿಡಿಯೋ ನೋಡಿ ನೋಡಿ ಕಲಿಯುತ್ತಿದ್ದವಳು. ‘ನೀಲಕ್ಕನ ಅಕ್ಷರಾನಽ ಮಷೀನಿಗೆ ಹಾಕಬಹುದ್ರಿ’ ಎಂಬ ಮಾತು ಬಾಯಿಂದ ಬಿದ್ದಾಗ ಯಾರು ಆಡಿದರೆಂದು ಅವಳೇ ಹಿಂದೆ ತಿರುಗಿ ನೋಡಿದ್ದಳು.

ಶನಿವಾರ ನೀಲಕ್ಕ ಬಂದು ಬರೆದದ್ದು ಅಕ್ಷರವಾಗಿರಲಿಲ್ಲ. ಗೆರೆ ಮೇಲೇರುವಲ್ಲಿ ತಡವರಿಸಿತ್ತು, ಹೊರಳುವಲ್ಲಿ ಮುರಿದಿತ್ತು. ‘ಲ’ದ ಹೊಟ್ಟೆ ಜಜ್ಜಿದ ಡಬರಿಯಂತೆ ಕಂಡಿತ್ತು. ನೀಲಕ್ಕ ಕಂಪ್ಯೂಟರಿನ ತೆರೆಯನ್ನು ಒಮ್ಮೆ ನೋಡಿ, ಬಲಗೈ ಬೆರಳುಗಳನ್ನು ಒಂದೊಂದಾಗಿ ಮಡಚಿ ಬಿಚ್ಚಿ, ಬಸ್ಸಿಗೆ ಹೊರಟಿದ್ದಳು. ಸುನಂದಾ ಭಾನುವಾರವಿಡೀ ಕೂತು ಆ ಗೆರೆಗಳನ್ನು ತಿದ್ದಿದಳು. ಮುರಿದಲ್ಲಿ ಬೆಸೆದಳು, ನಡುಗಿದಲ್ಲಿ ನಯ ಮಾಡಿದಳು, ‘ಲ’ಕ್ಕೆ ಹೊಟ್ಟೆ ತುಂಬಿದಳು. ಮಾಡುತ್ತ ಮಾಡುತ್ತ ಒಂದು ಹೆಮ್ಮೆ ಒಳಗೆ ಕದ್ದು ಬಂದು ಕೂತಿತ್ತು; ತಾನು ಆಕೆಗೆ ಉಪಕಾರ ಮಾಡುತ್ತಿದ್ದೇನೆ ಎಂಬ ಹೆಮ್ಮೆ. ಅವುಗಳ ಚಿತ್ರವನ್ನು ಫೋನಿಗೆ ಕಳಿಸಿದ ಮೇಲೆ ನೀಲಕ್ಕ ಫೋನು ಮಾಡಿದಳು. ‘ಛಂದ ಬಂದಾವು ತಂಗಿ,’ ಎಂದಳು. ಆಮೇಲೆ ಕುಹಕವೇ ಇಲ್ಲದ, ನಿಜವಾಗಿಯೂ ತಿಳಿಯಬೇಕೆಂಬ ದನಿಯಲ್ಲಿ, ‘ಯಾರು ಬರದಾರ?’ ಎಂದು ಕೇಳಿದಳು. ಸುನಂದಾ ತಾನು ಹೊಟ್ಟೆ ತುಂಬಿದ ‘ಲ’ವನ್ನು ನೋಡಿದಳು. ‘ಕೈ ಹೋಗೇತಿ ಬಿಡು. ಮಷೀನು ಹಿಡದು ಜೋಮು ಅಂದ್ಕೊಂಡಿದ್ನಿ. ಬರೂದಽ ಹೋಗೇತಿ,’ ಎಂದ ದನಿಯಲ್ಲಿ ನತ್ತು ಎಲ್ಲೂ ಮೇಲೇಳಲಿಲ್ಲ. ಇನ್ನೊಂದು ಸಲ ಬರ್ರಿ, ಇನ್ನೊಂದಽ ಸಲ, ಎಂದು ಸುನಂದಾ ಗೋಡೆಗೆ ಮುಖ ಮಾಡಿ ನಿಂತು ಬೇಡಿಕೊಂಡಿದ್ದಳು.

ಈಗ ಅವಳು ಪೆನ್ನಿನ ಸೆಟ್ಟಿಂಗಿನ ಪುಟ ತೆರೆದು ಕೂತಿದ್ದಳು. ಒತ್ತಡದ ಗೆರೆಯನ್ನು ಮೆತ್ತಗೆ ಮಾಡಿದಳು. ಜೋಮು ಹಿಡಿದ ಬೆರಳು ಹಗುರವಾಗಿ ಒತ್ತಿದರೂ ತಿಳಿಯಲಿ ಎಂದು. ಪೆನ್ನಿನ ಪಕ್ಕದ ಗುಂಡಿ ತಪ್ಪಿ ಒತ್ತಿ ಹೋಗದಿರಲೆಂದು ಅದನ್ನು ಬಂದ್ ಮಾಡಿದಳು. ಟ್ಯಾಬ್ಲೆಟ್ಟಿನ ಉದ್ದಗಲ, ತೆರೆಯ ಉದ್ದಗಲ ಎರಡೂ ಒಂದೇ ಅಳತೆಯಲ್ಲಿ ಕೂಡುತ್ತವೆಯೇ ಎಂದು ನೋಡಲು ಒಂದು ಸೊನ್ನೆ ಬರೆದಳು. ಸೊನ್ನೆ ಸೊನ್ನೆಯಾಗಿಯೇ ಬಂತು. ಎಲ್ಲ ಸರಿಯಾಗಿತ್ತು. ವಿಡಿಯೋದವನು ಹೇಳಿದ್ದನ್ನೆಲ್ಲ ಅವಳು ಮಾಡಿದ್ದಳು: ಟ್ಯಾಬ್ಲೆಟ್ಟು ತೆರೆಗೆ ನೇರವಾಗಿರಬೇಕು, ಸರಿದಾಡಬಾರದು, ಟೇಪು ಹಚ್ಚಿರಿ, ಕಣ್ಣು ತೆರೆಯ ಮೇಲಿರಲಿ. ಎಲ್ಲ ಸರಿಯಾಗಿರುವುದೇ ಅವಳಿಗೆ ಹೆದರಿಕೆ ಹುಟ್ಟಿಸಿತು. ಎಲ್ಲಾದರೂ ತಪ್ಪು ಸಿಕ್ಕಿದ್ದರೆ ತಿದ್ದಬಹುದಿತ್ತು. ಸಿಗದಿದ್ದರೆ ತಪ್ಪು ನೀಲಕ್ಕನ ಕೈಯಲ್ಲೇ ಇದೆ ಎಂದಾಗುತ್ತದೆ. ಹಾಗೆಂದು ಯೋಚಿಸುವುದೇ ಒಂದು ದ್ರೋಹದಂತೆ ಅನಿಸಿತು.

‘ಆ ಪಾಟಿ ಮುಂದ ಎಷ್ಟ ಹೊತ್ತು ಕುಂದರತಿ? ನೀರರ ಕುಡಿ,’ ಎಂದು ಅವ್ವ ಮಾಲವ್ವ ಚರಿಗೆ ತಂದು ಮೇಜಿನ ಮೇಲಿಟ್ಟಳು. ಟ್ಯಾಬ್ಲೆಟ್ಟು ಮನೆಗೆ ಬಂದ ದಿನದಿಂದಲೂ ಅವ್ವನಿಗೆ ಅದು ಶಾಲೆಯ ಸ್ಲೇಟಿನಂಥ ಪಾಟಿಯೇ. ‘ಬರದಿದ್ದು ಅದರ ಮ್ಯಾಲೆ ಕಾಣಂಗಿಲ್ಲ, ಎಲ್ಲೋ ಅಲ್ಲಿ ಟೀವಿಯೊಳಗ ಕಾಣತೈತಿ. ಎಂಥ ಪಾಟಿನೋ!’ ಹೊರಗೆ ಗಿರಣಿಯ ಭೋಂಗಾ ಕೂಗಿತು. ಅಪ್ಪ ಪಾಳಿ ಮುಗಿಸಿ ಇನ್ನು ಸೈಕಲ್ಲು ಹತ್ತುತ್ತಾನೆ. ಸುನಂದಾ ನೀರು ಕುಡಿದು, ಚರಿಗೆಯನ್ನು ಇಡದೆ, ಎರಡೂ ಅಂಗೈಗಳ ನಡುವೆ ಹಿಡಿದು ಕೂತಳು. ತಣ್ಣಗಿತ್ತು. ಹೆಬ್ಬೆರಳಿನ ಕೆಳಗೆ ಚುಕ್ಕಿಗಳು ತರಿತರಿಯಾಗಿ ತಾಗಿದವು. ಮಾ. ಚರಿಗೆಯ ಕುತ್ತಿಗೆಯ ಸುತ್ತ ಹೋಗುವ ಹೆಸರು. ಶಾಲೆಗೆ ಹೋಗುವ ಮುಂಚೆಯೇ ತೊಳೆಯುವ ಕಲ್ಲಿನ ಮೇಲೆ ಕೂತು ಅವಳು ಓದಲು ಕಲಿತದ್ದು ಮನೆಯಲ್ಲಿದ್ದ ನೀಲಕ್ಕನ ಈ ಚುಕ್ಕಿಗಳಿಂದ; ಬೂದಿ ಹಚ್ಚಿ ತಿಕ್ಕಿದಾಗ ಚುಕ್ಕಿಗಳೊಳಗೆ ಬೂದಿ ನಿಂತು ಅಕ್ಷರ ಕಪ್ಪಗೆ ಎದ್ದು ಬರುತ್ತಿತ್ತು. ಈ ಚರಿಗೆ ಮಾತ್ರ ಆಮೇಲಿನದು. ಇದು ಬಂದ ದಿನ ಅವಳು ಅಂಗಡಿಯಲ್ಲಿದ್ದಳು. ಅವ್ವನ ನಿರಿಗೆ ಹಿಡಿದು ನಿಂತಿದ್ದಳು, ಕಟ್ಟೆಯ ಮೇಲಿನ ಹೆಂಗಸು ತಲೆಯೆತ್ತದೆ, ‘ಹೆಸರು?’ ಎಂದಿದ್ದಳು. ‘ಮಾಲವ್ವ.’ ಗುಂಯ್. ‘ಮನ್ಯಾವರ ಹೆಸರು?’ ಅವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಗಂಡನ ಹೆಸರನ್ನು ಹೆಂಡತಿ ಹಾಗೆ ಬಾಯಿಬಿಟ್ಟು ಹೇಳುವುದುಂಟೆ? ಹೇಳಿದರೂ ಪದ್ಯದೊಳಗೆ ಹೆಣೆದು, ಒಡಪಾಗಿ. ‘ಒಡಪು ಹಾಕಿ ಹೇಳವ್ವಾ, ನಾವೂ ಕೇಳತೇವಿ,’ ಎಂದು ಹಿಂದೆ ಯಾರೋ ಗಂಡಸು. ಎಲ್ಲರ ನಗು. ‘ಮಗಳಽ, ನೀ ಹೇಳ,’ ಎಂದು ಅವ್ವ ಅವಳನ್ನು ಮುಂದೆ ತಳ್ಳಿದಳು. ಅಪ್ಪನ ಹೆಸರು ನಾಲಿಗೆಯ ಮೇಲೇ ಇತ್ತು. ಎಲ್ಲರೂ ಅವಳ ಬಾಯಿಯನ್ನೇ ನೋಡುತ್ತಿದ್ದರು. ಅವಳು ನೆಲದ ಮೇಲಿನ ಸ್ಟೀಲಿನ ಪುಡಿಯನ್ನು ನೋಡುತ್ತ ನಿಂತಳು, ನಿಂತೇ ಇದ್ದಳು. ಕಡೆಗೆ ಆ ಹೆಂಗಸು, ‘ಹೋಗ್ಲಿ ತಗೋ, ಜಾಗಾ ಬಿಟ್ಟೇನಿ. ಬಾಯಿ ಬಂದಾಗ ಬಾ,’ ಎಂದು ಚರಿಗೆಯನ್ನು ಊದದೆ ಮುಂದೆ ತಳ್ಳಿದ್ದಳು.

ಆ ಜಾಗ ತುಂಬಿಸಲು ಅವರು ಮತ್ತೆ ಹೋಗಲಿಲ್ಲ. ಸುನಂದಾ ಚರಿಗೆಯನ್ನು ತಿರುಗಿಸಿದಳು. ಮಾ, ಲ, ವ್ವ; ಆಮೇಲೆ ಬರಿಯ ನುಣುಪು, ಬೆರಳಿಗೆ ಏನೂ ಸಿಗದ ಜಾಗ, ಸುತ್ತಿ ಬಂದು ಮತ್ತೆ ಮಾ. ಮತ್ತೊಮ್ಮೆ ತಿರುಗಿಸಿದಳು. ಎಡಗೈ ತಿರುಗಿಸುತ್ತಿತ್ತು, ಬಲಗೈ ಹೆಬ್ಬೆರಳು ಇದ್ದಲ್ಲೇ ಇತ್ತು. ಅಕ್ಷರವೇ ನಡೆದುಕೊಂಡು ಹೆಬ್ಬೆರಳಿನ ಕೆಳಗೆ ಬರುತ್ತಿತ್ತು. ಅವಳು ತಿರುಗಿಸುವುದನ್ನು ನಿಲ್ಲಿಸಿದಳು. ಕಟ್ಟೆಯ ಮೇಲಿನ ಆ ಹೆಂಗಸು ಈಗ ಕಣ್ಣ ಮುಂದೆ ಬಂದಾಗ ನಾಚಿಕೆ ಅಡ್ಡ ಬರಲಿಲ್ಲ. ಮೊಣಕಾಲಿನ ನಡುವೆ ಚರಿಗೆ. ಬಲಗೈ ಪಕ್ಕೆಗೆ ಅಂಟಿಕೊಂಡು, ಮೊಳೆ ಹೊಡೆದ ಹಾಗೆ ನಿಂತಿತ್ತು. ಹೌದು, ಬಲಗೈ ಅಲುಗುತ್ತಲೇ ಇರಲಿಲ್ಲ. ಅಷ್ಟಿಷ್ಟು ಮೇಲೆ ಕೆಳಗೆ, ಅಷ್ಟೇ. ಹೊರಳಿಸುತ್ತಿದ್ದುದು, ಬಳುಕಿಸುತ್ತಿದ್ದುದು, ‘ಲ’ಕ್ಕೆ ಹೊಟ್ಟೆ ಕೊಡುತ್ತಿದ್ದುದು ಎಡಗೈ. ಪಾತ್ರೆಯನ್ನು ಮೊನೆಯ ಕೆಳಗೆ ತಂದು, ತಿರುವಿ, ಒಯ್ಯುತ್ತಿದ್ದ ಆ ಕೈಯೇ ಬರೆಯುತ್ತಿತ್ತು.

ಆ ಕೈಯನ್ನೇ ಅವಳು ಹಿಡಿದು ಸೆರಗಿನೊಳಗೆ ಕಳಿಸಿದ್ದು.

ಟೇಪು ಕೀಳುವಾಗ ಮೇಜಿನ ಬಣ್ಣವೂ ಒಂದಿಷ್ಟು ಎದ್ದು ಬಂತು. ಟ್ಯಾಬ್ಲೆಟ್ಟನ್ನು ತೊಡೆಯ ಮೇಲಿಟ್ಟುಕೊಂಡು, ಬಲ ಮೊಣಕೈಯನ್ನು ಪಕ್ಕೆಗೆ ಒತ್ತಿ, ಪೆನ್ನನ್ನು ನಿಂತಲ್ಲೇ ನಿಲ್ಲಿಸಿ, ಎಡಗೈಯಿಂದ ಟ್ಯಾಬ್ಲೆಟ್ಟನ್ನು ಮೆಲ್ಲಗೆ ಸುತ್ತಿಸಿದಳು. ತೆರೆಯ ಮೇಲೆ ಕಮಾನಿನಂಥ ಗೆರೆ ಎದ್ದಿತು. ಸೊಟ್ಟಗೆ ಹಿಡಿದರೂ ತೆರೆಯ ಮೇಲಿನದು ಸೊಟ್ಟಗಾಗಲಿಲ್ಲ. ಪೆನ್ನು ಟ್ಯಾಬ್ಲೆಟ್ಟಿನ ಯಾವ ಜಾಗದ ಮೇಲೆ ಹಾದು ಹೋಯಿತು ಎಂಬುದಷ್ಟೇ ಅದಕ್ಕೆ ಲೆಕ್ಕ, ಹೋದದ್ದು ಪೆನ್ನೋ ಟ್ಯಾಬ್ಲೆಟ್ಟೋ ಎಂದು ಅದು ಕೇಳುವುದೇ ಇಲ್ಲ. ಕಣ್ಣು ತೆರೆಯ ಮೇಲಿದ್ದವರಿಗೆ ಇದರಿಂದ ದಿಕ್ಕು ತಪ್ಪೀತು, ಅದಕ್ಕೇ ವಿಡಿಯೋದವನು ಟೇಪು ಹಚ್ಚು ಎಂದದ್ದು. ಆದರೆ ನೀಲಕ್ಕ ತೆರೆಯನ್ನು ಯಾಕೆ ನೋಡಬೇಕು? ಹೊಳೆಯುವ ಸ್ಟೀಲಿನ ಮೇಲೆ ಪುಡಿ ಮುಚ್ಚಿದ ಅಕ್ಷರವನ್ನು ಆಕೆ ಎಂದಾದರೂ ಕಣ್ಣಿಂದ ನೋಡಿ ಬರೆದಳೆ? ಸಾಫ್ಟ್‌ವೇರಿನಲ್ಲಿ ಗೆರೆಯನ್ನು ತಾನಾಗಿ ನಯ ಮಾಡುವ ಗುಬುಟೊಂದಿತ್ತು. ಸುನಂದಾ ಅದನ್ನು ಎಳೆದುಕೊಂಡು ಹೋಗಿ ಸೊನ್ನೆಯಲ್ಲಿ ನಿಲ್ಲಿಸಿದಳು. ನಡುಗಿದರೆ ನಡುಗಲಿ. ಆದರೆ ಇದನ್ನು ಈಗ ನೀಲಕ್ಕನಿಗೆ ಬಾಯಿಬಿಟ್ಟು ಹೇಳಬೇಕಲ್ಲ ಎಂದು ಭಯವಾಯಿತು.

ನೀಲಕ್ಕ ಬಂದವಳು ಚಪ್ಪಲಿ ಬಿಡುತ್ತಲೇ, ‘ಬಸ್ಸಿನಾಗ ನಿಂತು ಬಂದೇನಿ ಮಾಲವ್ವಾ, ಮೊದಲು ಚಾ,’ ಎಂದಳು. ಮಾತು ಹಳೆಯದೇ, ಜೋರು ಮಾತ್ರ ಹಳೆಯದಲ್ಲ. ಮೇಜಿನ ಕಡೆ ನೋಡದೆ ಚಾಪೆಯ ಮೇಲೆ ಕೂತಳು. ‘ತಂಗಿ, ನಿನಗ ಸಿಟ್ಟು ಬರಬಾರದು. ಸಾವಕಾರ್ರಿಗೆ ಹೇಳಿ ಬಂದೇನಿ, ಬೋರ್ಡಿನ ಅಕ್ಷರಾನಽ ಹಾಕ್ರಿ ಅಂತ. ನೀ ಬಾ ಅಂದಿ, ಬಂದೇನಿ. ಚಾ ಕುಡದು ಹೋಗತೇನಿ.’

ಸುನಂದಾ ಟ್ಯಾಬ್ಲೆಟ್ಟನ್ನು ಎತ್ತಿಕೊಂಡು ಬಂದು ಆಕೆಯ ಮುಂದೆ ಮಂಡಿಯೂರಿ ಕೂತಳು. ಹೇಳಬೇಕೆಂದು ಜೋಡಿಸಿಟ್ಟ ಮಾತುಗಳೆಲ್ಲ ಎಲ್ಲೋ ಹೋದವು. ‘ನೀಲಕ್ಕಾ,’ ಎಂದಳು. ‘ನಿಮ್ಮ ಕೈ ಹೋಗಿಲ್ರಿ. ನಾನಽ ಕಟ್ಟಿ ಹಾಕಿದ್ನಿ.’

‘ಏನು ಕಟ್ಟಿ ಹಾಕಿದ್ದಿ?’

‘ಇದನ್ನ,’ ಎಂದು ಸೆರಗಿನ ಕೆಳಗಿದ್ದ ಎಡಗೈಯನ್ನು ಮುಟ್ಟಿದಳು. ‘ನೀವು ಇದರಲೇ ಬರೀತೀರಿ. ನಾ ಸುಮ್ಮ ಕೂಡಸಿದ್ನಿ. ಇವತ್ತು ಚರಿಗಿ ಹಿಡದಂಗ ಹಿಡೀರಿ. ತಿರಗಸ್ರಿ. ಎಷ್ಟ ಬೇಕಾದ್ರೂ ತಿರಗಸ್ರಿ.’

ನೀಲಕ್ಕ ತನ್ನ ಎಡಗೈಯನ್ನು ಹೊರಗೆ ತೆಗೆದು, ಅದು ಇಷ್ಟು ದಿನ ತನ್ನಿಂದ ಏನೋ ಮುಚ್ಚಿಟ್ಟಿತ್ತು ಎಂಬಂತೆ, ಹಿಂದೆ ಮುಂದೆ ಮಾಡಿ ನೋಡಿದಳು. ‘ಹುಚ್ಚಿ. ಬರಿಯೂದು ಬಲಗೈಲೇ,’ ಎಂದಳು. ಆದರೂ ಟ್ಯಾಬ್ಲೆಟ್ಟನ್ನು ತೆಗೆದುಕೊಂಡು ಮೊಣಕಾಲ ನಡುವೆ ಇಟ್ಟುಕೊಂಡಳು. ಕೈ ತಾನಾಗಿ ಅಂಚು ಹಿಡಿಯಿತು. ಪೆನ್ನಿನ ಮೊನೆ ಊರಿ ಕೂತಳು; ಗೆರೆ ಹೊರಡಲಿಲ್ಲ. ‘ಏನು ಬರೀಲಿ? ಅವತ್ತಿನಂಗ ಅ ಆ ಅಂತ ಸಾಲೀ ಪಾಠ ಬರಸಬ್ಯಾಡ. ಹೆಸರು ಹೇಳು. ಹೆಸರಿಲ್ಲದಽ ನನ್ನ ಕೈ ಏಳಂಗಿಲ್ಲ.’

ಅಷ್ಟರಲ್ಲಿ ಮಾಲವ್ವ ಚಹಾದ ಜೊತೆ ಮೇಜಿನ ಮೇಲಿನ ಚರಿಗೆಯನ್ನೂ ತುಂಬಿ ತಂದಳು. ನೀಲಕ್ಕನ ಕಣ್ಣು ಅದರ ಮೇಲೆ ಬಿತ್ತು. ಪೆನ್ನು ಕೆಳಗಿಟ್ಟು ಚರಿಗೆ ಎತ್ತಿಕೊಂಡಳು, ತಿರುಗಿಸಿದಳು, ಖಾಲಿ ಜಾಗಕ್ಕೆ ಬಂದು ನಿಂತಳು. ‘ಅಯ್ಯ! ಇದು ಇಲ್ಲೇತಿ? ಗಂಡನ ಜಾಗಾ ಖಾಲಿ ಇದ್ದ ಚರಿಗಿ! ನೀನಽ ಏನವ್ವಾ ಸೆರಗ ಕಚಕೊಂಡು ನಿಂತಾಕಿ? ಒಂದು ಹುಡುಗಿ ಇತ್ತಲ್ಲ ಜೋಡಿ, ಪಾಪ ಮೂಕಿ.’

‘ಮೂಕಿ ಅಲ್ಲವಾ,’ ಎಂದು ಮಾಲವ್ವ ನಕ್ಕಳು. ‘ಇಕಿನಽ.’

ನೀಲಕ್ಕ ಸುನಂದಾಳನ್ನು ನೋಡಿದಳು. ಚರಿಗೆಯನ್ನು ನೋಡಿದಳು. ಆಮೇಲೆ ಚರಿಗೆಯನ್ನು ಬದಿಗಿಟ್ಟು, ಟ್ಯಾಬ್ಲೆಟ್ಟನ್ನು ಮತ್ತೆ ಮೊಣಕಾಲ ನಡುವೆ ಎಳೆದುಕೊಂಡು, ಅಂಗಡಿಯ ಕಟ್ಟೆಯ ಮೇಲಿನಿಂದ ಪೇಟೆಗೆಲ್ಲ ಕೇಳುವಂತೆ ಕೇಳುತ್ತಿದ್ದ ಆ ದನಿಯಲ್ಲಿ, ತಲೆಯೆತ್ತದೆ ಕೇಳಿದಳು: ‘ಮನ್ಯಾವರ ಹೆಸರು?’

ಮಾಲವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಸುನಂದಾಳ ಕಣ್ಣು ನೆಲಕ್ಕೆ ಹೋಯಿತು. ಅಲ್ಲಿ ಸ್ಟೀಲಿನ ಪುಡಿ ಇರಲಿಲ್ಲ. ನೀಲಕ್ಕನ ಪಾದಗಳಿದ್ದವು, ಬಸ್ಸಿನ ಧೂಳು ಹತ್ತಿದ, ಒಡೆದ ಹಿಮ್ಮಡಿಯ ಪಾದಗಳು.

‘ಯಲ್ಲಪ್ಪ,’ ಎಂದಳು.

‘ಜೋರಾಗಿ.’

‘ಯಲ್ಲಪ್ಪ!’

ಗುಂಯ್ ಎಂಬ ಸದ್ದು ಬಂತು. ಸುನಂದಾ ಬೆಚ್ಚಿ ಸುತ್ತ ನೋಡಿದಳು, ಟ್ಯಾಬ್ಲೆಟ್ಟಿಗೆ ಸದ್ದಿಲ್ಲ. ಅದು ನೀಲಕ್ಕನ ಗಂಟಲಿನಿಂದ ಬರುತ್ತಿತ್ತು. ಇಷ್ಟು ವರ್ಷ ಮಷೀನಿನ ಸದ್ದಿನೊಳಗೆ ಅಡಗಿ ಯಾರಿಗೂ ಕೇಳಿಸದಿದ್ದ, ಪ್ರಾಯಶಃ ಆಕೆಗೂ ಗೊತ್ತಿಲ್ಲದಿದ್ದ ಗುನುಗು. ಹೊರಳುವಲ್ಲಿ ಅದು ಸಣ್ಣಗಾಗುತ್ತಿತ್ತು, ಇಳಿಯುವಲ್ಲಿ ದಪ್ಪಗಾಗುತ್ತಿತ್ತು. ಬಲಗೈ ಮೊಳೆ ಹೊಡೆದ ಹಾಗೆ ನಿಂತಿತ್ತು. ಎಡಗೈ ಟ್ಯಾಬ್ಲೆಟ್ಟನ್ನು ಹೊರಳಿಸಿತು, ಹಿಂದಕ್ಕೆ ತಂದಿತು, ಅರ್ಧ ಸುತ್ತಿಸಿ ತಡೆದು ಮತ್ತೆ ಬಿಟ್ಟಿತು. ಟ್ಯಾಬ್ಲೆಟ್ಟಿನ ವೈರು ಆಕೆಯ ಮಣಿಕಟ್ಟಿಗೆ ಬಳೆಗಳ ಮೇಲೊಂದು ಬಳೆಯಾಗಿ ಸುತ್ತಿಕೊಂಡಿತು. ಆಕೆ ತೆರೆಯನ್ನು ನೋಡುತ್ತಿರಲಿಲ್ಲ. ಮೇಜಿನ ಮೇಲೆ, ಆಕೆಯ ಬೆನ್ನ ಹಿಂದೆ, ಯಾರೂ ಇಲ್ಲದಲ್ಲಿ ಅಕ್ಷರ ಏಳುತ್ತಿತ್ತು. ‘ಯ’ ಒಂದು ಹೆಜ್ಜೆ ಹಿಂದೆ ಸರಿದು ಮುಂದೆ ಬಂತು. ‘ಲ್ಲ’ ಹೊಟ್ಟೆ ತುಂಬಿಕೊಂಡು, ತನ್ನ ಕೆಳಗೊಂದು ಮರಿಯನ್ನು ಕೂಡಿಸಿಕೊಂಡಿತು. ಗೆರೆಯ ಅಂಚಿನಲ್ಲಿ ಜೋಮಿನ ನಡುಕ ಸಣ್ಣ ಸಣ್ಣ ಹಲ್ಲುಗಳಾಗಿ ಮೂಡಿ, ಬೂದಿ ನಿಂತ ಚುಕ್ಕಿಗಳನ್ನೇ ನೆನಪಿಸಿತು. ಅದನ್ನು ತಾನು ನಯ ಮಾಡಹೊರಟಿದ್ದೆ ಎಂದು ನೆನೆದು ಸುನಂದಾಳಿಗೆ ಮೈ ಜುಮ್ಮೆಂದಿತು. ಅವಳು ಓದಲು ಕಲಿತ ಅಕ್ಷರ ಅದು. ಜಗತ್ತಿನ ಎಲ್ಲ ಅಕ್ಷರಗಳೂ ಹಾಗೆಯೇ ಇರುತ್ತವೆ ಎಂದು ನಂಬಿದ್ದ ದಿನಗಳ ಅಕ್ಷರ.

ಗುನುಗು ನಿಂತಿತು. ನೀಲಕ್ಕ ಮಣಿಕಟ್ಟಿನಿಂದ ವೈರು ಬಿಡಿಸಿಕೊಂಡು, ಮೊಣಕಾಲಿಗೆ ಕೈಯೂರಿ ಎದ್ದು, ಮೇಜಿನ ಹತ್ತಿರ ಹೋದಳು. ತೆರೆಗೆ ಮುಖ ತಂದು ನೋಡಿದಳು. ಹಿಂದೆ ಸರಿದು, ತೋಳಿನಷ್ಟು ದೂರದಿಂದ ಮತ್ತೆ ನೋಡಿದಳು. ಮಾಲವ್ವನ ಕೈಯಲ್ಲಿ ಚಹಾ ಆರುತ್ತಿತ್ತು. ಹೊರಗೆ ಸೈಕಲ್ಲು ಒರಗಿಸಿದ ಸದ್ದಾಯಿತು, ಯಲ್ಲಪ್ಪ ಬಂದಿರಬೇಕು. ಯಾರೂ ತಿರುಗಲಿಲ್ಲ. ನೀಲಕ್ಕ ಮುಂದೆ ಬಾಗಿ, ಪುಡಿಯೇನೂ ಇಲ್ಲದ ತೆರೆಯ ಮೇಲೆ ಉಫ್ ಎಂದು ಊದಿದಳು. ಸೆರಗಿನ ತುದಿಯಿಂದ ಒರೆಸಿದಳು. ತಿರುಗಿ ಬಂದು ಕೂತು, ಟ್ಯಾಬ್ಲೆಟ್ಟನ್ನು ಮೊಣಕಾಲ ನಡುವೆ ಇಟ್ಟುಕೊಂಡಳು. ಮೂಗಿನ ನತ್ತು ಮೇಲೆದ್ದು ಕೂತಿತ್ತು.

‘ಮುಂದಿಂದು,’ ಎಂದಳು.